ಹಂಚಿನ ಮನೆಗೊಂದು ಹೊಸ ಕೋಣೆ: ಅರಿಸಮಾಸದ ಪ್ರಶ್ನೆ

ಮಲೆನಾಡಿನಲ್ಲೋ ಕರಾವಳಿಯಲ್ಲೋ ಒಂದು ಹಳೆಯ ಹಂಚಿನ ಮನೆಯ ಹಿಂಬದಿಗೆ ಹೋಗಿ ನಿಂತರೆ ಆ ಕುಟುಂಬದ ನಲವತ್ತು ಐವತ್ತು ವರ್ಷಗಳ ಚರಿತ್ರೆಯನ್ನು ಅಲ್ಲೇ ಓದಿಕೊಳ್ಳಬಹುದು. ಮುಂದಿನ ಜಗಲಿ, ಕಂಬ, ತುಳಸಿಕಟ್ಟೆ ಎಲ್ಲ ಫೋಟೋಕ್ಕೆ. ಹಿಂದೆ ಬಂದರೆ ಗೊಬ್ಬರ ಗ್ಯಾಸು ಬಂದಾಗ ಕಟ್ಟಿದ ಅಡುಗೆಯ ಕಟ್ಟೆ, ಮೊದಲ ಮಗನ ಮದುವೆಗೆ ಎಬ್ಬಿಸಿದ ಕಾಂಕ್ರೀಟು ಕೋಣೆ, ಬೆಂಗಳೂರಿನಿಂದ ಬರುವ ಮೊಮ್ಮಕ್ಕಳಿಗಾಗಿ ಮಾಡಿಸಿದ ಅಟ್ಯಾಚ್ಡ್ ಬಾತ್‌ರೂಮು, ಅಡಿಕೆಗೆ ರೇಟು ಬಂದ ವರ್ಷ ಹಾಕಿಸಿದ ತಗಡಿನ ಶೆಡ್ಡು. ನಮ್ಮ ಕಡೆ ಇದಕ್ಕೆಲ್ಲ ಸೇರಿ ಇರುವುದು ಒಂದೇ ಪದ: ಎಕ್ಸ್‌ಟೆನ್ಷನ್ನು.

ನಾವು ಕಾದಂಬರಿಗೆ, ಸಿನಿಮಾಕ್ಕೆ, ಯಕ್ಷಗಾನದ ಹೊಸ ಪ್ರಸಂಗಕ್ಕೆ ವಿಮರ್ಶೆ ಬರೆಯುತ್ತೇವೆ. ನಮ್ಮ ಕಣ್ಣಿಗೆ ದಿನಾ ಬೀಳುವ ಈ ಎಕ್ಸ್‌ಟೆನ್ಷನ್ನುಗಳ ಬಗ್ಗೆ ಯಾರೂ ಬರೆಯುವುದಿಲ್ಲ. ಬರೆದರೂ ಅದು ಒಂದೋ ಗೃಹಶೋಭೆಯ ಸಲಹೆಯಾಗಿರುತ್ತದೆ, ಇಲ್ಲವೇ ‘ಆ ಕಾಲದ ಮನೆಗಳೇ ಮನೆಗಳು’ ಎನ್ನುವ ಹಳಹಳಿಕೆಯಾಗಿರುತ್ತದೆ. ಎರಡೂ ವಿಮರ್ಶೆಯಲ್ಲ. ಹಳೆಯದೊಂದು ಕೃತಿ ಇದೆ; ಅದಕ್ಕೆ ಇನ್ನೊಬ್ಬರು ಬೇರೆ ಕಾಲದಲ್ಲಿ ಒಂದು ಅಧ್ಯಾಯ ಸೇರಿಸುತ್ತಿದ್ದಾರೆ. ಸೇರಿಸಿದ್ದು ಹೊಂದಿತೇ, ಹೊಂದುವುದು ಎಂದರೇನು, ಯಾವ ಸಾಮಗ್ರಿ, ಯಾವ ಸಣ್ಣ ವಿವರ ಆ ಹೊಂದಾಣಿಕೆಯನ್ನು ತೀರ್ಮಾನಿಸುತ್ತದೆ? ಇವನ್ನು ಸಾಹಿತ್ಯ ವಿಮರ್ಶೆಯ ಪ್ರಶ್ನೆಗಳೆಂದೇ ಹಿಡಿದು ನೋಡಬಹುದು ಎನ್ನುವುದು ನನ್ನ ಅನಿಸಿಕೆ.

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಮೊದಲನೆಯದು, ಹಳೆಯದು ಹೇಗಿದೆಯೋ ಹಾಗೇ ಹೊಸದನ್ನೂ ಕಟ್ಟು. ಇದರ ದೊಡ್ಡ ಉದಾಹರಣೆ ನೋಡಲು ಬೆಂಗಳೂರಿಗೆ ಹೋದರೆ ಸಾಕು. ವಿಧಾನಸೌಧ ಮುಗಿದದ್ದು 1956ರಲ್ಲಿ. ಅದರ ಪಕ್ಕದಲ್ಲಿ ಅದನ್ನೇ ಹೋಲುವ ವಿಕಾಸಸೌಧ ಉದ್ಘಾಟನೆಯಾದದ್ದು 2005ರಲ್ಲಿ. ದೂರದಿಂದ ನೋಡಿದವರಿಗೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ ವಿಧಾನಸೌಧದ ಕಂಬ, ಕಮಾನು, ಗೋಪುರಗಳ ಹಿಂದೆ ಆಗಷ್ಟೇ ಸ್ವತಂತ್ರವಾದ ನಾಡೊಂದು ತನ್ನನ್ನು ಹೇಗೆ ತೋರಿಸಿಕೊಳ್ಳಬೇಕು ಎನ್ನುವ ಹಟವಿತ್ತು. ಅರ್ಧ ಶತಮಾನದ ಮೇಲೆ ಅದೇ ಮಾತನ್ನು ಅದೇ ಧ್ವನಿಯಲ್ಲಿ ಮತ್ತೆ ಹೇಳಿದಾಗ ಧ್ವನಿ ಉಳಿದು ಹಟ ಮಾಯವಾಗುತ್ತದೆ. ನವೋದಯದ ಶೈಲಿಯಲ್ಲಿ ಇವತ್ತು ಬರೆದ ಭಾವಗೀತೆಯ ಹಾಗೆ.

ಎರಡನೆಯದು, ಹೊಸದು ಹೊಸದಾಗಿಯೇ ಕಾಣಲಿ ಎನ್ನುವುದು. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಗೆರಿ 1978ರಲ್ಲಿ ಸಾಂಟಾ ಮೋನಿಕಾದ ತನ್ನ ಸಾಧಾರಣ ಹಳೆಯ ಮನೆಗೆ ಮಾಡಿದ್ದು ಇದನ್ನೇ. ಹಳೆಯ ಮನೆಯನ್ನು ಕೆಡವದೆ ಅದರ ಸುತ್ತ ಸುಕ್ಕುತಗಡು, ಪ್ಲೈವುಡ್ಡು, ಬೇಲಿಗೆ ಬಳಸುವ ತಂತಿಬಲೆಯ ಇನ್ನೊಂದು ಕವಚ ಕಟ್ಟಿದ. ಒಳಗೆ ಹೋದರೆ ಹಳೆಯ ಮನೆಯ ಹೊರಗೋಡೆ ಈಗ ಅಡುಗೆಮನೆಯ ಒಳಗೋಡೆ. ನೆರೆಯವರು ಸಿಟ್ಟಾದರು, ವಾಸ್ತುಶಿಲ್ಪದ ವಿದ್ಯಾರ್ಥಿಗಳು ಇವತ್ತಿಗೂ ಅದನ್ನು ಅಭ್ಯಾಸ ಮಾಡುತ್ತಾರೆ. ಸ್ಮಾರಕಗಳ ಸಂರಕ್ಷಣೆಗೆಂದು 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು ಈ ಎರಡರ ನಡುವಿನ ದಾರಿ ಹಿಡಿಯಿತು: ಸೇರಿಸಿದ ಭಾಗ ಒಟ್ಟಿನೊಡನೆ ಸಾಮರಸ್ಯದಿಂದಿರಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತಾಗಬೇಕು, ಕಟ್ಟಡದ ಸಮತೋಲ ಮತ್ತು ಪರಿಸರದೊಂದಿಗಿನ ಅದರ ಸಂಬಂಧ ಕೆಡಬಾರದು.

ಮಾತು ಚೆನ್ನಾಗಿದೆ. ಆದರೆ ಹೊಸನಗರದ ಒಂದು ಮನೆಯಾಗಲಿ ಬಂಟ್ವಾಳದ ಒಂದು ಮನೆಯಾಗಲಿ ಸ್ಮಾರಕವಲ್ಲ. ಅಲ್ಲಿ ಜನ ಇದ್ದಾರೆ. ಜೊತೆಗೆ ಸಾಂಟಾ ಮೋನಿಕಾದಲ್ಲಿ ಇಲ್ಲದ ಒಬ್ಬ ವಿಮರ್ಶಕ ಇಲ್ಲಿ ವರ್ಷಕ್ಕೊಮ್ಮೆ ಬರುತ್ತಾನೆ: ಮಳೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗಿಂತ ಹೆಚ್ಚು, ಆಗುಂಬೆಯಲ್ಲಿ 7,000ಕ್ಕೂ ಮೇಲೆ. ಯಾವ ಜೋಡಣೆ ಸರಿಯಾಗಿದೆ, ಯಾವುದು ಬರಿಯ ತೋರಿಕೆ ಎನ್ನುವುದನ್ನು ಅವನು ಜೂನ್ ತಿಂಗಳಲ್ಲಿ ಹೇಳಿಬಿಡುತ್ತಾನೆ.

ಹಾಗಾಗಿ ನಾನು ನಮ್ಮದೇ ವ್ಯಾಕರಣದ ಒಂದು ಹಳೆಯ ಜಗಳಕ್ಕೆ ಹೋಗುತ್ತೇನೆ. ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸಿ ಸಮಾಸ ಮಾಡಿದರೆ ಅದು ಅರಿಸಮಾಸ, ದೋಷ, ಎಂದರು ನಮ್ಮ ಲಾಕ್ಷಣಿಕರು. ಹನ್ನೆರಡನೆಯ ಶತಮಾನದ ನಯಸೇನ, ತುಪ್ಪಕ್ಕೆ ಎಣ್ಣೆ ಬೆರೆಸುವುದುಂಟೇ ಎಂದು ಹಂಗಿಸಿದ. ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ದೋಷವನ್ನು ಒಪ್ಪಿಯೂ ಕೆಲವು ವಿನಾಯಿತಿ ಕೊಟ್ಟ, ಬಿರುದುಗಳಲ್ಲಿ, ಹಿಂದಿನ ಕವಿಗಳು ಬಳಸಿ ರೂಢಿಯಾದ ಕಡೆ ಪರವಾಗಿಲ್ಲ ಎಂದ. ಇಷ್ಟೆಲ್ಲ ಆದಮೇಲೂ ನಾವು ದಿನಾ ಬಳಸುವ ಪದವೊಂದಿದೆ: ಮಳೆಗಾಲ. ಮಳೆ ಕನ್ನಡದ್ದು, ಕಾಲ ಸಂಸ್ಕೃತದಿಂದ ಬಂದದ್ದು. ಕೂಡಿದ್ದು ಯಾರ ಕಿವಿಗೂ ಚುಚ್ಚುವುದಿಲ್ಲ. ಯಾಕೆಂದರೆ ಹೊರಗಿನಿಂದ ಬಂದ ಪದ ಸೇರುವ ಜಾಗದಲ್ಲಿ ಈ ಮನೆಯ ನಿಯಮಕ್ಕೆ ಒಪ್ಪಿಕೊಂಡಿತು. ಕಕಾರ ಗಕಾರವಾಯಿತು, ಆದೇಶ ಸಂಧಿ. ಪದದ ಉಳಿದ ಭಾಗ ತನ್ನ ಹಾಗೇ ಇದೆ. ಬದಲಾದದ್ದು ತಾಗುವ ಅಂಚು ಮಾತ್ರ.

ಹಳೆಯ ಮನೆಗೆ ಹೊಸ ಕೋಣೆ ಸೇರಿಸುವ ವಿಷಯದಲ್ಲಿ ನನಗೆ ಇದಕ್ಕಿಂತ ಒಳ್ಳೆಯ ಸೂತ್ರ ಕಂಡಿಲ್ಲ. ಸಾಮಗ್ರಿ ಎಲ್ಲಿಂದಲಾದರೂ ಬರಲಿ. ತಾಗುವ ಅಂಚಿನಲ್ಲಿ ಅದು ಮನೆಯ ನಿಯಮವನ್ನು ಪಾಲಿಸಬೇಕು. ಮನೆಯ ನಿಯಮ ಎಂದರೆ ನೀರು ಹೇಗೆ ಇಳಿಯುತ್ತದೆ, ಗೋಡೆ ಹೇಗೆ ಒಣಗುತ್ತದೆ, ಕಾಲು ಎಲ್ಲಿ ಇಡುತ್ತೇವೆ, ಬೆಳಕು ಎಲ್ಲಿಂದ ಬರುತ್ತದೆ ಎನ್ನುವುದು.

ಮಾಡಿನಿಂದಲೇ ಶುರು ಮಾಡೋಣ. ‘ಮಂಗಳೂರು ಹಂಚು ನಮ್ಮ ಪರಂಪರೆ’ ಎಂದು ಭಾಷಣ ಮಾಡುವವರಿಗೆ ಒಂದು ವಿಷಯ ನೆನಪಿಸಬೇಕು. ಆ ಹಂಚು ಸ್ವತಃ ಪರದೇಶಿ. ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಬಂದದ್ದು. ಹಳೆಯ ಹಂಚಿನ ಬೆನ್ನ ಮೇಲೆ 1865 ಎಂಬ ಇಸವಿಯ ಮುದ್ರೆ ಇವತ್ತಿಗೂ ಸಿಗುತ್ತದೆ. ಅದಕ್ಕೂ ಮೊದಲು ಹೆಚ್ಚಿನ ಮನೆಗಳಿಗೆ ಮುಳಿಹುಲ್ಲು, ಸೋಗೆ. ಅನುಕೂಲಸ್ಥರಿಗೆ ಕುಂಬಾರರ ಕೈಹಂಚು. ಯಂತ್ರದಲ್ಲಿ ಒತ್ತಿದ, ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುವ ಈ ಹೊಸ ಹಂಚು ಇಲ್ಲಿ ನೆಲೆಯೂರಿದ್ದು ಹೇಗೆ? ಅದು ಮಾಡಿನ ಇಳಿಜಾರನ್ನು ಒಪ್ಪಿಕೊಂಡಿತು. ಪಕಾಸಿ, ರೀಪುಗಳ ಮೇಲೆ ಕೂತಿತು. ಸೂರನ್ನು ಗೋಡೆಯಿಂದ ಮೂರಡಿ ಆಚೆಗೆ ಚಾಚಲು ಬಿಟ್ಟಿತು. ಸಂಧಿಯ ನಿಯಮ ಪಾಲಿಸಿತು, ಎರಡು ಮೂರು ತಲೆಮಾರಿನಲ್ಲಿ ತದ್ಭವವಾಯಿತು.

ಆರ್‌ಸಿಸಿ ತಾರಸಿ ಹಾಗೆ ಮಾಡಲಿಲ್ಲ. ಚಪ್ಪಟೆ ತಾರಸಿ ಮಳೆ ಕಡಿಮೆ ಇರುವ ನಾಡಿನ ವಾಕ್ಯ. ಅದನ್ನು ಹಾಗ್ಹಾಗೇ ಎತ್ತಿ ತಂದು ಇಳಿಜಾರು ಮಾಡಿನ ಬೆನ್ನಿಗೆ ಅಂಟಿಸಿದಾಗ ಏನಾಗುತ್ತದೆ ಎನ್ನುವುದನ್ನು ತೀರ್ಥಹಳ್ಳಿಯಿಂದ ಪುತ್ತೂರಿನವರೆಗೆ ಎಲ್ಲಿ ಬೇಕಾದರೂ ನೋಡಬಹುದು. ಮೊದಲ ಎರಡು ಮಳೆಗಾಲ ನೆಮ್ಮದಿ. ಮೂರನೆಯದರಲ್ಲಿ ಮೂಲೆಯಲ್ಲಿ ಒಂದು ನಕ್ಷೆ ಮೂಡುತ್ತದೆ. ನಾಲ್ಕನೆಯದಕ್ಕೆ ವಾಟರ್‌ಪ್ರೂಫಿಂಗ್ ಬಳಿಯುತ್ತಾರೆ. ಆರನೆಯದಕ್ಕೆ ಕಬ್ಬಿಣದ ಕಂಬ ನೆಟ್ಟು ತಾರಸಿಯ ಮೇಲೆ ಇಳಿಜಾರಾಗಿ ತಗಡು ಹೊದಿಸುತ್ತಾರೆ. ಅಂದರೆ ಮನೆ ಕೊನೆಗೂ ತನ್ನ ನಿಯಮವನ್ನು ಹೇರಿತು. ಮೊದಲೇ ಒಪ್ಪಿಕೊಂಡಿದ್ದರೆ ಒಂದೇ ಮಾಡಿನ ಖರ್ಚಿನಲ್ಲಿ ಮುಗಿಯುತ್ತಿದ್ದದ್ದಕ್ಕೆ ಈಗ ಎರಡು ಮಾಡು.

ಇದರ ಇನ್ನೊಂದು ಮುಖ, ಕಾಂಕ್ರೀಟನ್ನೇ ಇಳಿಜಾರಾಗಿ ಹಾಕಿ ಅದರ ಮೇಲೆ ಹಂಚನ್ನು ಸಿಮೆಂಟಿನಲ್ಲಿ ಅಂಟಿಸುವುದು. ನೋಡಲು ಹಂಚಿನ ಮಾಡು. ಆದರೆ ಹಂಚಿನ ಮಾಡಿನ ಗುಣ ಇರುವುದು ಬಣ್ಣದಲ್ಲಲ್ಲ, ಸಂದಿಗಳಲ್ಲಿ. ಹಂಚುಗಳ ನಡುವಿನ ಸಂದಿಯಲ್ಲಿ ಬಿಸಿ ಗಾಳಿ ಹೊರಹೋಗುತ್ತದೆ, ಒಡೆದ ಹಂಚನ್ನು ಒಬ್ಬ ಆಳು ಅರ್ಧ ಗಂಟೆಯಲ್ಲಿ ಬದಲಿಸುತ್ತಾನೆ. ಅಂಟಿಸಿದ ಹಂಚಿಗೆ ಇವೆರಡೂ ಸಾಧ್ಯವಿಲ್ಲ. ಲಾರಿ ಬೇಕರ್ ಕೇರಳದಲ್ಲಿ ಮಂಗಳೂರು ಹಂಚನ್ನು ಕಾಂಕ್ರೀಟಿನೊಂದಿಗೆ ಬೆರೆಸಿದ ರೀತಿ ಬೇರೆ. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟು ಭಾರ ಹೊರುವಲ್ಲಿ ಹೆಚ್ಚು ಕೆಲಸ ಮಾಡುವುದಿಲ್ಲ ಎನ್ನುವುದನ್ನು ಹಿಡಿದು, ಆ ಜಾಗಕ್ಕೆ ಬೇಡವಾದ ಹಂಚು ತುಂಬಿಸಿ ಸಿಮೆಂಟು ಉಳಿಸಿದರು. ಕೆಳಗಿನಿಂದ ನೋಡಿದರೆ ಹಂಚು ಕಾಣುತ್ತದೆ. ಕಾಣುವುದಕ್ಕೆ ಒಂದು ಕಾರಣವೂ ಇದೆ. ಇದೂ ಬೆರಕೆಯೇ, ಆದರೆ ಇಲ್ಲಿ ಎರಡಕ್ಕೂ ಕೆಲಸವಿದೆ.

ಹಾಗಾದರೆ ಹೊಸ ಕೋಣೆಗೂ ಹಂಚೇ ಹಾಕಬೇಕೇ? ಸಾಧ್ಯವಿದ್ದರೆ ಹೌದು. ಮರದ ಪಕಾಸಿಯೇ ಆಗಬೇಕೆಂದಿಲ್ಲ. ಒಳ್ಳೆಯ ಮರ ಈಗ ಸಿಗುವುದು ಕಷ್ಟ, ಸಿಕ್ಕರೂ ಯಾವ ಕಾಡಿನದೋ ಎಂಬ ಪ್ರಶ್ನೆ ಇದ್ದೇ ಇದೆ. ಕಬ್ಬಿಣದ ಪೈಪಿನ ಅಟ್ಟಣಿಗೆ ಮಾಡಿ, ತುಕ್ಕು ಹಿಡಿಯದಂತೆ ಬಣ್ಣ ಬಳಿದು, ಹಳೆಯ ಮಾಡಿನ ಇಳಿಜಾರನ್ನೇ ಹಿಡಿದು ಹಂಚು ಹೊದಿಸಿದರೆ ನನಗೆ ಅದರಲ್ಲಿ ಅರಿಸಮಾಸ ಕಾಣುವುದಿಲ್ಲ. ಕಬ್ಬಿಣವನ್ನು ಮರದ ಬಣ್ಣ ಬಳಿದು ಮರವೆಂದು ತೋರಿಸಹೊರಟರೆ ಮಾತ್ರ ಕಾಣುತ್ತದೆ. ಎರಡು ಸಣ್ಣ ವಿವರ ಇಲ್ಲಿ ದೊಡ್ಡ ಕೆಲಸ ಮಾಡುತ್ತವೆ. ಒಂದು, ಬೇರೆ ಬೇರೆ ಕಾರ್ಖಾನೆಯ ಹಂಚುಗಳ ಕೊಕ್ಕೆ ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ. ಕೊಳ್ಳುವ ಮೊದಲು ಹಳೆಯ ಹಂಚನ್ನು ತಿರುವಿ ಬೆನ್ನ ಮೇಲಿನ ಮುದ್ರೆ ನೋಡಬೇಕು, ಕೆಡವಿದ ಮನೆಗಳಿಂದ ಬರುವ ಹಂಚಿನ ರಾಶಿಯಲ್ಲಿ ಅದೇ ಮುದ್ರೆ ಹುಡುಕಬೇಕು. ಇನ್ನೊಂದು, ಹಳೆಯ ಮಾಡು ಹೊಸ ಮಾಡು ಕೂಡುವ ತಗ್ಗು. ಎರಡೂ ಮಾಡಿನ ನೀರು ಅಲ್ಲಿಗೇ ಬರುತ್ತದೆ. ಮೊದಲಿನವರು ಅಲ್ಲಿ ಅಡಿಕೆಯ ದಂಬೆ ಇಡುತ್ತಿದ್ದರು, ಎರಡು ಮೂರು ವರ್ಷಕ್ಕೆ ಬದಲಿಸುತ್ತಿದ್ದರು. ಈಗ ತಗಡಿನದ್ದೋ ಅಲ್ಯುಮಿನಿಯಮ್ಮಿನದ್ದೋ ಇಡಬಹುದು, ಆದರೆ ಅದು ಅಗಲವಾಗಿರಬೇಕು, ಒಬ್ಬ ಮನುಷ್ಯ ಹತ್ತಿ ಎಲೆ ಗುಡಿಸುವಷ್ಟು. ದಂಬೆಯನ್ನು ಮರೆಮಾಚಲು ಹೊರಟ ಮನೆಗಳೇ ಸೋರುವ ಮನೆಗಳು.

ಇನ್ನು ಗೋಡೆ. ಕರಾವಳಿಯ ಗೋಡೆ ಮುರಕಲ್ಲಿನದು. ಕೆಂಪುಕಲ್ಲು, ಚಿರೆಕಲ್ಲು, ಜಂಬಿಟ್ಟಿಗೆ ಎಂದು ಊರಿಗೊಂದು ಹೆಸರು. ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಈ ಕಲ್ಲನ್ನು ನೋಡಿ, 1807ರಲ್ಲಿ ಪ್ರಕಟವಾದ ಪ್ರವಾಸದ ವರದಿಯಲ್ಲಿ ಇದನ್ನು ಲ್ಯಾಟರೈಟ್ ಎಂದು ಕರೆದ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬರ್ಥದ ಪದದಿಂದ. ನೆಲದಿಂದ ಕಡಿಯುವಾಗ ಮೆತ್ತಗೆ, ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿ. ತೂತುತೂತಾದ ಕಲ್ಲು, ನೀರು ಕುಡಿಯುತ್ತದೆ, ಆಮೇಲೆ ಬಿಟ್ಟುಕೊಡುತ್ತದೆ. ಹಳಬರು ಇದನ್ನು ಮಣ್ಣಿನಲ್ಲೋ ಚಿಪ್ಪುಸುಣ್ಣದ ಗಾರೆಯಲ್ಲೋ ಕಟ್ಟಿದರು. ಸುಣ್ಣದ ಗಾರೆ ಕಲ್ಲಿಗಿಂತ ಮೆತ್ತಗೆ, ಗೋಡೆಯ ತೇವ ಅದರ ಮೂಲಕ ಹೊರಬರುತ್ತದೆ. ಗೋಡೆ ಮಳೆಗಾಲದಲ್ಲಿ ಕುಡಿದದ್ದನ್ನು ಬೇಸಗೆಯಲ್ಲಿ ಉಸಿರಾಡಿ ಕಳೆದುಕೊಳ್ಳುತ್ತದೆ.

ಹೊಸ ಕೋಣೆ ಸೇರಿಸುವಾಗ ಮೇಸ್ತ್ರಿ ಹೇಳುವ ಮೊದಲ ಮಾತು: ‘ಹಳೇ ಗೋಡೆಗೂ ಒಂದು ಕೋಟು ಸಿಮೆಂಟು ಹೊಡೆದುಬಿಡೋಣ, ಎಲ್ಲ ಒಂದೇ ಥರ ಕಾಣ್ತದೆ.’ ಸಾಮರಸ್ಯದ ಹೆಸರಿನಲ್ಲಿ ಆಗುವ ದೊಡ್ಡ ಅನಾಹುತ ಇದು. ಸಿಮೆಂಟು ಗಟ್ಟಿ, ಬಿಗಿ. ತಳಪಾಯದಿಂದ ಏರಿದ ತೇವಕ್ಕೆ ಹೊರಬರುವ ದಾರಿ ಮುಚ್ಚುತ್ತದೆ. ತೇವ ಇನ್ನೂ ಮೇಲೇರುತ್ತದೆ, ಬಿಳಿಯ ಉಪ್ಪು ಒಡೆಯುತ್ತದೆ, ಪ್ಲಾಸ್ಟರು ಹಪ್ಪಳದಂತೆ ಉಬ್ಬಿ ಬೀಳುತ್ತದೆ. ಬೀಳುವಾಗ ಹಳೆಯ ಕಲ್ಲಿನ ಮೈಯನ್ನೂ ಕಿತ್ತುಕೊಂಡು ಬೀಳುತ್ತದೆ. ಸರಿಯಾದ ಕ್ರಮ ಇದರ ತಿರುಗುಮುರುಗು: ಹೊಸ ಗೋಡೆಗೆ ಏನು ಬೇಕಾದರೂ ಬಳಿಯಿರಿ, ಹಳೆಯ ಗೋಡೆಗೆ ಸುಣ್ಣವೇ ಇರಲಿ. ಎರಡೂ ಒಂದೇ ಬಣ್ಣವಿರಬೇಕು ಎನಿಸಿದರೆ ಹೊಸದಕ್ಕೂ ಸುಣ್ಣ ಬಳಿಯಬಹುದು. ಬಣ್ಣದ ಸಾಮ್ಯಕ್ಕಾಗಿ ಗೋಡೆಯ ಉಸಿರು ಕಟ್ಟಬಾರದು.

ಹೊಸ ಗೋಡೆಯನ್ನು ಯಾವುದರಿಂದ ಕಟ್ಟಬೇಕು ಎನ್ನುವುದು ಜಾಗಕ್ಕೆ ಬಿಟ್ಟ ಮಾತು. ಕರಾವಳಿಯಲ್ಲಿ ಮುರಕಲ್ಲು ಈಗಲೂ ಸಿಗುತ್ತದೆ. ಯಂತ್ರದಲ್ಲಿ ಕೊರೆದ ಕಲ್ಲಿನ ಮೇಲೆ ಗರಗಸದ ಬಳೆಬಳೆಯ ಗುರುತಿರುತ್ತದೆ, ಕೈಯಲ್ಲಿ ಕಡಿದದ್ದರ ಮೇಲೆ ಉಳಿಯ ಏಟು. ಆ ವ್ಯತ್ಯಾಸವನ್ನು ಅಳಿಸಬೇಕಿಲ್ಲ. ಯಾವ ಗೋಡೆ ಯಾವ ಕಾಲದ್ದು ಎಂದು ಅದೇ ಹೇಳುತ್ತದೆ, ವೆನಿಸ್ ಸನ್ನದು ಕೇಳಿದ್ದೂ ಇದನ್ನೇ. ಘಟ್ಟದ ಮೇಲೆ ಮಣ್ಣು ಚೆನ್ನಾಗಿರುವ ಕಡೆ ಒತ್ತಿದ ಮಣ್ಣಿನ ಇಟ್ಟಿಗೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದ ವಿಜ್ಞಾನಿಗಳು, ಮುಖ್ಯವಾಗಿ ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು, ಮಣ್ಣಿಗೆ ತುಸುವೇ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆಯ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅಂಗಳದ ಮಣ್ಣಿನಿಂದಲೇ ಎದ್ದ ಗೋಡೆ ಹಳೆಯ ಮಣ್ಣುಗೋಡೆಯ ಪಕ್ಕದಲ್ಲಿ ನಿಂತಾಗ ಬಣ್ಣ ಹೊಂದಿಸುವ ಕಷ್ಟವೇ ಇರುವುದಿಲ್ಲ.

ಎರಡು ಗೋಡೆಗಳು ಸೇರುವ ಜಾಗದಲ್ಲಿ ನಮ್ಮವರು ಮಾಡುವ ಇನ್ನೊಂದು ಕೆಲಸವಿದೆ: ಹಳೆಯ ಗೋಡೆಗೆ ಹಲ್ಲು ಕಡಿದು ಹೊಸ ಗೋಡೆಯನ್ನು ಕಚ್ಚಿಸುವುದು. ಗಟ್ಟಿಯಾಗಲಿ ಎಂಬ ಆಸೆ. ಹಳೆಯ ಮನೆ ನೂರು ವರ್ಷದಿಂದ ಕೂತು ಕೂತು ನೆಲಕ್ಕೆ ಒಗ್ಗಿರುತ್ತದೆ. ಹೊಸ ತಳಪಾಯ ಮೊದಲ ಕೆಲವು ಮಳೆಗಾಲದಲ್ಲಿ ಕೂರಲು ಶುರು ಮಾಡುತ್ತದೆ. ಒಂದು ನಿಂತಿದೆ, ಇನ್ನೊಂದು ಇಳಿಯುತ್ತಿದೆ, ನಡುವೆ ಬಿಗಿದು ಕಟ್ಟಿದ್ದಾರೆ. ಬಿರುಕು ಬಾರದೆ ಇನ್ನೇನು? ಅನುಭವಸ್ಥರು ಇಲ್ಲಿ ಅರ್ಧ ಇಂಚೋ ಒಂದಿಂಚೋ ಸಂದು ಬಿಡುತ್ತಾರೆ, ಮೇಲೆ ಒಂದು ಪಟ್ಟಿ ಮುಚ್ಚುತ್ತಾರೆ. ಇನ್ನೂ ಒಳ್ಳೆಯದು ಎರಡರ ನಡುವೆ ಒಂದು ಸಣ್ಣ ಓಣಿ, ನಾಲ್ಕಡಿ ಅಗಲದ್ದು, ತಗ್ಗಾದ ಮಾಡಿನದು. ಕನ್ನಡದಲ್ಲಿ ಎರಡು ಸ್ವರ ಎದುರಾದಾಗ ನಡುವೆ ಯಕಾರವೋ ವಕಾರವೋ ಬರುವ ಹಾಗೆ. ಆಗಮ ಸಂಧಿಯಲ್ಲಿ ಎರಡೂ ಪದಗಳಿಗೆ ಪೆಟ್ಟಾಗುವುದಿಲ್ಲ.

ನೆಲದ ವಿಷಯದಲ್ಲಿ ನನಗೆ ಒಂದೇ ಹಟ. ಹೊಸ ಕೋಣೆಗೆ ಹೊಳೆಯುವ ವಿಟ್ರಿಫೈಡ್ ಟೈಲು ಹಾಕಿಸುವವರು ಹಾಕಿಸಲಿ. ‘ಇಡೀ ಮನೆಗೆ ಒಂದೇ ಆಗಲಿ’ ಎಂದು ಹಳೆಯ ಕೆಂಪು ನೆಲದ ಮೇಲೂ ಅದನ್ನು ಹಾಸಬಾರದು. ಕೆಂಪು ರೆಡ್‌ಆಕ್ಸೈಡ್ ನೆಲ ಪವಿತ್ರ ಎಂದಲ್ಲ. ನಾವು ಇವತ್ತು ನೋಡುವ ಬಹುಪಾಲು ಕೆಂಪು ನೆಲ ಸಿಮೆಂಟು ಬಂದ ಮೇಲಿನದೇ. ತೊಂದರೆ ಎತ್ತರದ್ದು. ಹಳೆಯ ನೆಲದ ಮೇಲೆ ಗಾರೆ, ಅದರ ಮೇಲೆ ಟೈಲು, ಒಟ್ಟು ಎರಡಿಂಚು. ಹೊಸ್ತಿಲು ಹೂತುಹೋಗುತ್ತದೆ. ಬಾಗಿಲು ತೆರೆಯುವುದಿಲ್ಲವೆಂದು ಹಲಸಿನ ಮರದ ಬಾಗಿಲಿನ ಬುಡ ಕೊಯ್ಯುತ್ತಾರೆ. ಕಂಬದ ಕಲ್ಲಿನ ಪೀಠ ಅರ್ಧ ಮುಚ್ಚುತ್ತದೆ, ಜಗಲಿಯ ಕಟ್ಟೆ ಕೂರುವ ಎತ್ತರಕ್ಕಿಂತ ಕೆಳಗಾಗುತ್ತದೆ. ಎರಡು ಇಂಚಿನಲ್ಲಿ ಇಡೀ ಮನೆಯ ಛಂದಸ್ಸು ಕೆಡುತ್ತದೆ.

ಕಿಟಕಿಯೂ ಹಾಗೆಯೇ. ಹಳೆಯ ಕಿಟಕಿ ಎತ್ತರ ಹೆಚ್ಚು, ಅಗಲ ಕಡಿಮೆ, ನಿಂತ ಸರಳುಗಳು, ಎರಡು ಬಾಗಿಲು. ಪೂರ್ತಿ ತೆರೆಯುತ್ತದೆ. ಹೊಸ ಅಲ್ಯುಮಿನಿಯಮ್ ಸ್ಲೈಡಿಂಗು ಅಗಲ ಹೆಚ್ಚು, ತೆರೆಯುವುದು ಅರ್ಧ ಮಾತ್ರ. ಉಳಿದರ್ಧದ ಮುಂದೆ ಇನ್ನೊಂದು ಗಾಜು ಬಂದು ನಿಲ್ಲುತ್ತದೆ. ಬೇಕಿದ್ದರೆ ಅಲ್ಯುಮಿನಿಯಮ್ಮನ್ನೇ ಬಳಸಿ, ಆದರೆ ಹಳೆಯ ಕಿಟಕಿಯ ಅಳತೆಯನ್ನು ಉಳಿಸಿ, ಮೇಲೆ ಸೂರು ಚಾಚಲಿ. ಸೂರಿಲ್ಲದ ಗೋಡೆ ಕರಾವಳಿಯಲ್ಲಿ ಎರಡೇ ವರ್ಷದಲ್ಲಿ ಪಾಚಿಗಟ್ಟಿ ಕಪ್ಪಾಗುತ್ತದೆ.

ಇದರ ನಡುವೆ ಈಚೆಗೆ ಒಂದು ಹೊಸ ಶ್ರೀಮಂತಿಕೆ ಶುರುವಾಗಿದೆ: ಹಳೆಯ ಕಂಬ ಕೊಳ್ಳುವುದು. ಎಲ್ಲೋ ಕೆಡವಿದ ಮನೆಯ ಕಂಬ, ಕೆತ್ತನೆಯ ಬಾಗಿಲು ವ್ಯಾಪಾರಿಯ ಗೋದಾಮಿನಿಂದ ಬಂದು ಹೊಸ ಸಿಟೌಟಿನಲ್ಲಿ ನಿಲ್ಲುತ್ತವೆ. ಕಂಬದ ಒಳಗೆ ಕಾಂಕ್ರೀಟು ತೊಲೆಯೇ ಭಾರ ಹೊತ್ತಿರುತ್ತದೆ, ಕಂಬ ಸುಮ್ಮನೆ ತಾಗಿಕೊಂಡಿರುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಾಳಾಗಲಿದ್ದ ಮನೆಗಳನ್ನು ಇಡಿಯಾಗಿ ಬಿಚ್ಚಿ ತಂದು ಮರುಜೋಡಿಸಿದ ಕೆಲಸಕ್ಕೂ ಇದಕ್ಕೂ ಅಜಗಜಾಂತರ. ಅಲ್ಲಿ ವಾಕ್ಯ ಉಳಿಯಿತು. ಇಲ್ಲಿ ಯಾರದೋ ವಾಕ್ಯದಿಂದ ಒಂದು ಪದ ಕಿತ್ತು ನಮ್ಮ ಲೇಖನದಲ್ಲಿ ಉದ್ಧರಣ ಚಿಹ್ನೆಯೊಳಗೆ ಇಟ್ಟಂತೆ. ನಿಮ್ಮದೇ ಮನೆಯ ಹಳೆಯ ಬಾಗಿಲನ್ನು ಹೊಸ ಕೋಣೆಗೆ ಸರಿಸಿದರೆ ಅದು ಬೇರೆ ಮಾತು.

ಇಷ್ಟು ಹೊತ್ತು ಮನೆಯ ಪರವಾಗಿ ಮಾತಾಡಿದೆ. ಈಗ ಮನೆಯ ವಿರುದ್ಧದ ವಾದವನ್ನೂ ಕೇಳಬೇಕು, ಇಲ್ಲದಿದ್ದರೆ ಇದೂ ಹಳಹಳಿಕೆಯ ಪಟ್ಟಿಗೇ ಸೇರುತ್ತದೆ. ಹಳೆಯ ಮನೆಯ ಬಗ್ಗೆ ಸಹಾನುಭೂತಿ ಇರಬೇಕು, ಸರಿ. ಆ ಮನೆಗೆ ತನ್ನೊಳಗಿನವರ ಬಗ್ಗೆ ಎಷ್ಟು ಸಹಾನುಭೂತಿ ಇತ್ತು? ನಾವು ಹೊಗಳುವ ಜಗಲಿಯ ತಂಪು ಗಂಡಸರದು. ಅಡುಗೆಮನೆ ಅತಿ ಒಳಗೆ, ಕಿಟಕಿ ಗೇಣುದ್ದ, ಹೊಗೆಗೆ ಮಾಡಿನ ಸಂದಿಯೇ ದಾರಿ. ಬಚ್ಚಲು ಅಂಗಳದ ಆಚೆ; ಪಾಯಿಖಾನೆ ಇದ್ದರೆ ತೋಟದ ಅಂಚಿನಲ್ಲಿ. ಜಡಿಮಳೆಯಲ್ಲಿ, ರಾತ್ರಿಯಲ್ಲಿ, ಬಸುರಿಯರು, ಬಾಣಂತಿಯರು, ಮುದುಕಿಯರು ಕಂದೀಲು ಹಿಡಿದು ಅಲ್ಲಿಗೆ ನಡೆದರು. ಮುಟ್ಟಾದವರಿಗೆ ಹೊರಗಿನ ಕೋಣೆ. ಯಾರು ಜಗಲಿ ಏರಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು ಎನ್ನುವುದನ್ನು ಮೆಟ್ಟಿಲುಗಳೇ ಹೇಳುತ್ತಿದ್ದವು. ನಾನು ಛಂದಸ್ಸು ಎಂದು ಕರೆದ ಆ ಎತ್ತರಗಳಲ್ಲಿ ಜಾತಿಯ ಅಳತೆಯೂ ಇತ್ತು.

ಆದ್ದರಿಂದಲೇ ಹಿಂಬದಿಯ ಆ ಕುರೂಪಿ ಬಾತ್‌ರೂಮನ್ನು ನೋಡಿ ಮೂಗು ಮುರಿಯುವವರ ಜೊತೆ ನಾನು ಸೇರಲಾರೆ. ಅದು ಹಳೆಯ ಮನೆಯ ಬಗ್ಗೆ ಬರೆದ ಮೊದಲ ವಿಮರ್ಶೆ. ಬರೆದದ್ದು ಬಹಳ ಕಡೆ ಆ ಮನೆಯ ಹೆಂಗಸರು, ಹಟ ಹಿಡಿದು, ಅಡಿಕೆ ದುಡ್ಡಿನಲ್ಲಿ ಪಾಲು ಕೇಳಿ. ಭಾಷೆ ಒರಟಾಗಿದೆ, ನಿಜ. ವಾದ ಮಾತ್ರ ಪೂರ್ತಿ ಸರಿ. ಹೊಂದಾಣಿಕೆ ಎನ್ನುವ ಪದದಲ್ಲಿ ಒಂದು ಅಪಾಯವಿದೆ: ಹಳೆಯದು ಹೇಗಿತ್ತೋ ಅದೇ ಸರಿ, ಹೊಸದು ಬಗ್ಗಿ ನಡೆಯಲಿ ಎನ್ನುವ ಧ್ವನಿ ಅದರಲ್ಲಿ ಅಡಗಿರುತ್ತದೆ. ನಮ್ಮ ಕಾವ್ಯಮೀಮಾಂಸೆ ಓದುಗನಿಗೆ ಕೊಟ್ಟ ಹೆಸರು ಸಹೃದಯ. ಸಹೃದಯ ಎಂದರೆ ಎಲ್ಲವನ್ನೂ ಒಪ್ಪಿಕೊಳ್ಳುವವನಲ್ಲ. ಕೃತಿಯ ಒಳಗೆ ಹೋಗಿ, ಅದು ಎಲ್ಲಿ ಉಸಿರಾಡುತ್ತದೆ, ಎಲ್ಲಿ ಉಸಿರು ಕಟ್ಟಿಸುತ್ತದೆ ಎಂದು ಬಲ್ಲವನು. ಒಳ್ಳೆಯ ಎಕ್ಸ್‌ಟೆನ್ಷನ್ನು ಹಾಗಿರಬೇಕು. ಮಳೆಯ ವಿಷಯದಲ್ಲಿ ಹಳೆಯ ಮನೆಯ ಮಾತು ಕೇಳಬೇಕು, ಮನುಷ್ಯರ ವಿಷಯದಲ್ಲಿ ಅದಕ್ಕೆ ಎದುರುತ್ತರ ಕೊಡಬೇಕು.

ಹೊಸನಗರ ತಾಲೂಕಿನಲ್ಲಿ ಇಂಥದ್ದೊಂದನ್ನು ನೋಡಿದ್ದೇನೆ. ಎಂಬತ್ತು ದಾಟಿದ ಅಜ್ಜಿಗಾಗಿ ಮಾಡಿದ ಕೋಣೆ, ಜೊತೆಗೆ ಬಚ್ಚಲು. ಹಳೆಯ ಮನೆಯ ಪಡಸಾಲೆಯಿಂದ ನಾಲ್ಕು ಹೆಜ್ಜೆಯ ಓಣಿ. ನೆಲ ಒಂದೇ ಮಟ್ಟ, ಹೊಸ್ತಿಲಿಲ್ಲ. ಗಾಲಿಕುರ್ಚಿ ಸಲೀಸಾಗಿ ದಾಟುತ್ತದೆ. ‘ಹೊಸ್ತಿಲಿಲ್ಲದ ಬಾಗಿಲೇ?’ ಎಂದು ನೆಂಟರು ತಕರಾರು ತೆಗೆದಿದ್ದರಂತೆ. ಗೋಡೆ ಮಣ್ಣಿನ ಇಟ್ಟಿಗೆಯದು, ಪ್ಲಾಸ್ಟರಿಲ್ಲ. ಮಾಡಿಗೆ ಕಬ್ಬಿಣದ ಅಟ್ಟಣಿಗೆ, ಕಪ್ಪು ಬಣ್ಣ. ಹಳೆಯ ಮನೆಯ ಹಿಂಬದಿಯ ಹಂಚನ್ನು ಇಳಿಸಿ ಇದಕ್ಕೆ ಹೊದಿಸಿದ್ದರು, ಹೊಸ ಹಂಚನ್ನು ಯಾರಿಗೂ ಕಾಣದ ಹಿಂಬದಿಗೆ ಹಾಕಿದ್ದರು. ಮಂಚದ ಮೇಲಕ್ಕೆ ಸರಿಯಾಗಿ ಎರಡು ಗಾಜಿನ ಹಂಚು. ಗಾಜಿನ ಹಂಚು ಹಳೆಯ ಮನೆಗಳಲ್ಲೂ ಇತ್ತು, ಹೆಚ್ಚಾಗಿ ಅಟ್ಟದ ಕತ್ತಲಿಗೆ. ಇಲ್ಲಿ ಅದು ಮಲಗಿದವರಿಗೆ ಹೊತ್ತು ತಿಳಿಯಲಿ ಎಂದು. ಕೊರತೆಗಳೂ ಇದ್ದವು: ಕಬ್ಬಿಣದ ಬೆಸುಗೆಯ ಗಂಟುಗಳಲ್ಲಿ ಆಗಲೇ ತುಕ್ಕು ಇಣುಕುತ್ತಿತ್ತು, ಬಚ್ಚಲಿನ ಕಿಟಕಿ ಬೇಕಿದ್ದಕ್ಕಿಂತ ಸಣ್ಣದು. ಆದರೂ ಅದು ಆ ಮನೆಯನ್ನು ಓದಿ ಬರೆದ ಅಧ್ಯಾಯ.

ಇದಕ್ಕೆ ದುಡ್ಡು ಹೆಚ್ಚು ಬೇಕಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮಾಡಿನ ಮೇಲೆ ಮಾಡು ಹಾಕುವ ಲೆಕ್ಕವನ್ನು ಮೇಲೆ ಹೇಳಿದೆ. ನಿಜವಾಗಿ ಕಡಿಮೆಯಾಗಿರುವುದು ಕೈಗಳು. ಸುಣ್ಣ ಕೊಳೆಹಾಕಿ ಅರೆಯಲು ಬಲ್ಲವರು, ರೀಪಿನ ಅಂತರವನ್ನು ಹಂಚನ್ನಿಟ್ಟೇ ಅಳೆಯುವ ಬಡಗಿಗಳು ವಯಸ್ಸಾದವರು. ಅವರಿಗೆ ಕೆಲಸ ಸಿಗುವುದು ಇಂಥ ಸಣ್ಣ ಕೋಣೆಗಳಲ್ಲೇ, ಅವರ ಜೊತೆ ಹುಡುಗನೊಬ್ಬ ನಿಂತು ಕಲಿಯುವುದೂ ಅಲ್ಲೇ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿವೆ. ಕೊಳ್ಳುವವರು ಇಲ್ಲದಿದ್ದರೆ ಉಳಿದವೂ ಹಾಕುತ್ತವೆ. ಆಮೇಲೆ ಯಾರು ಎಷ್ಟು ಸಹೃದಯರಾದರೂ ಒಡೆದ ಒಂದು ಹಂಚಿಗೆ ಬದಲಿ ಸಿಗುವುದಿಲ್ಲ.

ಯಾರಾದರೂ ಈ ಬೇಸಗೆಯಲ್ಲಿ ಹಳೆಯ ಮನೆಗೆ ಕೋಣೆ ಸೇರಿಸುವುದಿದ್ದರೆ ನನ್ನ ಸಲಹೆ ಒಂದೇ. ಎಂಜಿನಿಯರ ಬಳಿ ಹೋಗುವ ಮೊದಲು ಒಂದು ಮಳೆಗಾಲ ಕಾಯಿರಿ. ಜಡಿಮಳೆಯ ದಿನ ಕೊಡೆ ಹಿಡಿದು ಮನೆಯ ಸುತ್ತ ಒಮ್ಮೆ ನಡೆಯಿರಿ. ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಗೋಡೆ ಎಷ್ಟೆತ್ತರದವರೆಗೆ ತೇವ ಎಳೆದಿದೆ ಎಂದು ಬರೆದುಕೊಳ್ಳಿ. ಆಮೇಲೆ ಒಳಗೆ ಬಂದು, ಮನೆಯಲ್ಲಿ ಅತಿ ಹೆಚ್ಚು ಕೆಲಸ ಮಾಡುವವರನ್ನೂ ಅತಿ ಕಡಿಮೆ ನಡೆಯಬಲ್ಲವರನ್ನೂ ಕೂರಿಸಿ, ಈ ಮನೆಯಲ್ಲಿ ನಿಮಗೆ ಎಲ್ಲಿ ಕಷ್ಟ ಎಂದು ಕೇಳಿ. ಎರಡು ಹಾಳೆಗಳೂ ಕೈಯಲ್ಲಿರುವಾಗ ಎಂಜಿನಿಯರನ್ನು ಕರೆಸಿ.